ಜೈವಿಕ ತಂತ್ರಜ್ಞಾನ ಕಂಪೆನಿಗಳ ಷೇರು: ಕೊಳ್ಳುವ ಮುನ್ನ ವರ್ತಕರು ನೋಡಬೇಕಾದ ಲೆಕ್ಕ

ಪುತ್ತೂರಿನ ಪೇಟೆಯಲ್ಲಿ ಅಡಿಕೆ ಖರೀದಿಸುವ ವರ್ತಕರು ಯಾರೂ ಚೀಲದ ಬಾಯಿಯನ್ನಷ್ಟೇ ನೋಡಿ ಧಾರಣೆ ಹೇಳುವುದಿಲ್ಲ. ಮೇಲೆ ಒಳ್ಳೆಯ ಚಾಲಿಯಿದ್ದು ಕೆಳಗೆ ಪಟೋರ, ಕರಿಗೋಟು ಇರಬಹುದೆಂಬುದು ಅವರಿಗೆ ಗೊತ್ತು. ಆದುದರಿಂದ ಚೀಲದ ನಡುವಿಗೆ ಕೈಹಾಕಿ ಒಂದು ಹಿಡಿ ತೆಗೆದು, ನಾಲ್ಕನ್ನು ಕತ್ತರಿಸಿ, ಒಳಗಿನ ಬಣ್ಣವನ್ನೂ ತೇವವನ್ನೂ ನೋಡಿದ ಬಳಿಕವೇ ಮಾತು. ಆದರೆ ಅದೇ ವರ್ತಕರು ಒಂದು ದೂರವಾಣಿ ಕರೆಯ ಮೇಲೆ, ಹೆಸರನ್ನೂ ಸರಿಯಾಗಿ ಉಚ್ಚರಿಸಲು ಬಾರದ ಔಷಧ ಕಂಪೆನಿಯ ಷೇರುಗಳಿಗೆ ಲಕ್ಷ ರೂಪಾಯಿ ಕಳುಹಿಸುವುದನ್ನು ನಾವು ನೋಡುತ್ತಿದ್ದೇವೆ.

2020 ಮತ್ತು 2021ರಲ್ಲಿ ಕೋವಿಡ್ ಲಸಿಕೆಗಳ ಸುದ್ದಿ ಮನೆಮನೆಗೆ ತಲುಪಿದ ನಂತರ ಜೈವಿಕ ತಂತ್ರಜ್ಞಾನದ ಷೇರುಗಳ ಕುರಿತು ಪುತ್ತೂರು, ಸುಳ್ಯ, ಕಡಬ ಪರಿಸರದ ವರ್ತಕ ಬಾಂಧವರಲ್ಲಿಯೂ ಕುತೂಹಲ ಬೆಳೆದಿದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ, ಅದರ ಅಂಗಸಂಸ್ಥೆ ಸಿಂಜಿನ್ 2015ರಲ್ಲಿ, ಆಂಥೆಮ್ ಬಯೋಸೈನ್ಸಸ್ 2025ರಲ್ಲಿ ಸಾರ್ವಜನಿಕ ಷೇರು ನೀಡಿಕೆಗೆ ಬಂದವು. ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ಸಿಂಜಿನ್‌ನ ಔಷಧ ತಯಾರಿಕಾ ಘಟಕವೂ ಇದೆ. ನಮ್ಮ ರಾಜ್ಯದ, ನಮ್ಮ ಜಿಲ್ಲೆಯ ಉದ್ಯಮವೆಂಬ ಅಭಿಮಾನ ಸಹಜವಾದುದು. ಆದರೆ ಅಭಿಮಾನವು ಪರಿಶೀಲನೆಗೆ ಬದಲಿಯಾಗಲಾರದು. ಈ ಲೇಖನವು ಯಾವ ಷೇರನ್ನೂ ಕೊಳ್ಳಿರೆಂದಾಗಲಿ ಮಾರಿರೆಂದಾಗಲಿ ಹೇಳುವುದಿಲ್ಲ. ಪರಿಶೀಲಿಸುವ ಕ್ರಮವನ್ನು ಮಾತ್ರ ತಿಳಿಸುತ್ತದೆ. ಆ ಕ್ರಮದ ಸಾರ ಇಷ್ಟೇ: ಬರಲಿರುವ ಔಷಧದ ಭರವಸೆಗಿಂತ ಮೊದಲು, ಅದು ಬರುವವರೆಗೆ ಕಾಯುವ ಶಕ್ತಿ ಕಂಪೆನಿಗೆ ಇದೆಯೇ ಎಂಬುದನ್ನು ನೋಡಬೇಕು.

1. ಮೊದಲು ಬಗೆಯನ್ನು ತಿಳಿಯಿರಿ

ಜೈವಿಕ ತಂತ್ರಜ್ಞಾನವೆಂಬ ಒಂದೇ ಫಲಕದಡಿ ಕನಿಷ್ಠ ಐದು ಬಗೆಯ ವ್ಯವಹಾರಗಳಿವೆ. ಹೊಚ್ಚ ಹೊಸ ಔಷಧವನ್ನು ಕಂಡುಹಿಡಿಯಲು ಹೊರಟವರು ಮೊದಲನೆಯವರು. ಪೇಟೆಂಟ್ ಅವಧಿ ಮುಗಿದ ಜೈವಿಕ ಔಷಧವನ್ನು ಹೋಲುವ ಔಷಧವನ್ನು, ಅಂದರೆ ಬಯೋಸಿಮಿಲರ್‌ಗಳನ್ನು, ತಯಾರಿಸುವವರು ಎರಡನೆಯವರು. ಇತರ ಕಂಪೆನಿಗಳಿಗಾಗಿ ಶುಲ್ಕ ಪಡೆದು ಸಂಶೋಧನೆ ಅಥವಾ ತಯಾರಿಕೆ ಮಾಡಿಕೊಡುವವರು ಮೂರನೆಯವರು. ಸಿಂಜಿನ್ ಮತ್ತು ಆಂಥೆಮ್ ಈ ಗುಂಪಿನವು. ಬಟ್ಟೆ, ಆಹಾರ, ಪಾನೀಯ ಉದ್ಯಮಗಳಿಗೆ ಬೇಕಾದ ಕಿಣ್ವಗಳನ್ನು ತಯಾರಿಸುವವರು ನಾಲ್ಕನೆಯವರು. ಬೀಜ ಮತ್ತು ಸಸ್ಯತಳಿಗಳಲ್ಲಿ ಕೆಲಸ ಮಾಡುವವರು ಐದನೆಯವರು.

ಇವುಗಳ ಅಪಾಯ ಒಂದೇ ತೆರನಾದುದಲ್ಲ. ಶುಲ್ಕಕ್ಕೆ ಕೆಲಸ ಮಾಡಿಕೊಡುವ ಕಂಪೆನಿಯು ಜಾಬ್‌ವರ್ಕ್ ಮಾಡುವ ನಮ್ಮ ಸಣ್ಣ ಕೈಗಾರಿಕಾ ಘಟಕದಂತೆ. ಗ್ರಾಹಕನ ಔಷಧ ಸೋತರೂ ಮಾಡಿದ ಕೆಲಸಕ್ಕೆ ಹಣ ಬರುತ್ತದೆ. ಆದರೆ ಗ್ರಾಹಕನು ಕೈಬಿಟ್ಟರೆ ಯಂತ್ರ ಸುಮ್ಮನಿರುತ್ತದೆ. ಸವಕಳಿ, ಬಡ್ಡಿ ಸುಮ್ಮನಿರುವುದಿಲ್ಲ. ಹೊಸ ಔಷಧ ಹುಡುಕುವ ಕಂಪೆನಿಗೆ ಹಲವು ವರ್ಷ ಮಾರಾಟವೇ ಇರುವುದಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ಇದಾಗಿರಬೇಕು: ಈ ಕಂಪೆನಿಗೆ ಇಂದು, ಈ ವರ್ಷ, ಹಣ ಎಲ್ಲಿಂದ ಬರುತ್ತಿದೆ? ಒಂದೇ ವಾಕ್ಯದಲ್ಲಿ ಉತ್ತರಿಸಲು ಬಾರದಿದ್ದರೆ ಆ ಷೇರನ್ನು ಕೊಳ್ಳುವ ಕಾಲ ಬಂದಿಲ್ಲ.

2. ರಬ್ಬರ್ ತೋಟದ ಪಾಠ

ರಬ್ಬರ್ ಗಿಡ ನೆಟ್ಟವನು ಹಾಲು ಕಾಣಲು ಸುಮಾರು ಏಳು ವರ್ಷ ಕಾಯಬೇಕೆಂಬುದು ಸುಳ್ಯ, ಕಡಬದ ಕೃಷಿಕರಿಗೆ ಹೇಳಬೇಕಾದ ಮಾತಲ್ಲ. ಆ ಏಳು ವರ್ಷ ಮನೆ ನಡೆಸುವುದು ಅಡಿಕೆ, ಕಾಳುಮೆಣಸು ಅಥವಾ ನಡುವೆ ನೆಟ್ಟ ಬಾಳೆ. ಬೇರೆ ಆದಾಯವಿಲ್ಲದೆ ಸಾಲದಿಂದಲೇ ರಬ್ಬರ್ ನೆಟ್ಟವನು ಹಾಲು ಬರುವ ಮೊದಲೇ ಜಾಗ ಮಾರಬೇಕಾದೀತು. ಆಗ ತಪ್ಪು ಗಿಡದ್ದಲ್ಲ, ಕಾಯುವ ಶಕ್ತಿಯ ಲೆಕ್ಕ ಹಾಕದವನದು.

ಔಷಧದ ಕಾಲಾವಧಿ ಇದಕ್ಕಿಂತಲೂ ದೀರ್ಘವಾದುದು. ಪ್ರಯೋಗಾಲಯದಲ್ಲಿ ಹುಟ್ಟಿದ ವಸ್ತುವನ್ನು ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆ. ಬಳಿಕ ಮನುಷ್ಯರ ಮೇಲಿನ ಪರೀಕ್ಷೆ ಮೂರು ಹಂತಗಳಲ್ಲಿ ನಡೆಯುತ್ತದೆ. ಒಂದನೆಯ ಹಂತದಲ್ಲಿ ಕೆಲವೇ ಮಂದಿಯಲ್ಲಿ ಸುರಕ್ಷತೆ, ಎರಡನೆಯದರಲ್ಲಿ ರೋಗಿಗಳಲ್ಲಿ ಪರಿಣಾಮ ಮತ್ತು ಪ್ರಮಾಣ, ಮೂರನೆಯದರಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳಲ್ಲಿ ನಿಜವಾದ ಪ್ರಯೋಜನ. ಆರಂಭದಿಂದ ಮಾರುಕಟ್ಟೆಯವರೆಗೆ ಹತ್ತು, ಹದಿನೈದು ವರ್ಷ ಹಿಡಿಯುವುದು ಸಾಮಾನ್ಯ. ಮನುಷ್ಯರ ಮೇಲಿನ ಪರೀಕ್ಷೆಗೆ ಪ್ರವೇಶಿಸಿದ ಹತ್ತು ಔಷಧಗಳಲ್ಲಿ ಅನುಮತಿಯವರೆಗೆ ತಲುಪುವುದು ಸುಮಾರು ಒಂದು. ಪೇಟೆಂಟ್‌ನ ಅವಧಿಯೋ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಪರೀಕ್ಷೆಯಲ್ಲಿಯೇ ಹನ್ನೆರಡು ವರ್ಷ ಕಳೆದರೆ ಪ್ರತಿಸ್ಪರ್ಧಿಗಳಿಲ್ಲದೆ ಮಾರಲು ಉಳಿಯುವುದು ಎಂಟೇ ವರ್ಷ.

ಆದುದರಿಂದ ‘ಎರಡನೆಯ ಹಂತದಲ್ಲಿ ಯಶಸ್ಸು’ ಎಂಬ ಪತ್ರಿಕಾ ಶೀರ್ಷಿಕೆಯನ್ನು ಕಂಡಾಗ, ಗಿಡ ಬೇರು ಹಿಡಿದಿದೆ ಎಂದಷ್ಟೇ ಅರ್ಥ ಮಾಡಿಕೊಳ್ಳತಕ್ಕದ್ದು. ಹಾಲು ಬಂತೆಂದು ಅರ್ಥವಲ್ಲ.

3. ಒಂದು ದೃಷ್ಟಾಂತ: ಬಯೋಕಾನ್

ಎರಡು ದಶಕಗಳಿಗೂ ಹೆಚ್ಚಿನ ಬಹಿರಂಗ ದಾಖಲೆ ಇರುವುದರಿಂದ ಬಯೋಕಾನ್ ಕಲಿಕೆಗೆ ಅನುಕೂಲವಾದ ಉದಾಹರಣೆ. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಿಂದ, ಐರ್ಲೆಂಡಿನ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ ಆರಂಭಿಸಿದ ಉದ್ಯಮವಿದು. ಮೊದಲ ಸರಕು ಕ್ಯಾನ್ಸರಿನ ಔಷಧವಾಗಿರಲಿಲ್ಲ. ಪಪ್ಪಾಯಿ ಕಾಯಿಯ ಹಾಲಿನಿಂದ ಪಡೆಯುವ ಪಪೈನ್ ಎಂಬ ಕಿಣ್ವ, ಮತ್ತು ಮೀನಿನ ಗಾಳಿಚೀಲದಿಂದ ಪಡೆಯುವ, ಬಿಯರ್ ತಿಳಿಗೊಳಿಸಲು ಬಳಸುವ ಪದಾರ್ಥ. ಇವುಗಳಿಗೆ ಅಂದೇ ಗ್ರಾಹಕರಿದ್ದರು.

ಕಿಣ್ವದ ಆದಾಯ, ಆ ಬಳಿಕ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಔಷಧಗಳ ಆದಾಯ ಕಂಪೆನಿಯನ್ನು ಪೋಷಿಸಿತು. ಆ ಬಲದ ಮೇಲೆ ಇನ್ಸುಲಿನ್ ಮತ್ತು ಬಯೋಸಿಮಿಲರ್‌ಗಳತ್ತ ಅದು ಹೆಜ್ಜೆ ಇಟ್ಟಿತು. 2007ರಲ್ಲಿ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿತು. ರಬ್ಬರ್ ಬೆಳೆಯುವವರೆಗೆ ಬಾಳೆ ಮನೆ ನಡೆಸಿದಂತೆಯೇ ಇದು.

ಈ ಹಿನ್ನೆಲೆಯ ಬೆಲೆ ತಿಳಿದದ್ದು 2011ರ ಜನವರಿಯಲ್ಲಿ. ಬಾಯಿಯ ಮೂಲಕ ತೆಗೆದುಕೊಳ್ಳುವ ಇನ್ಸುಲಿನ್ ಮಾತ್ರೆಯು ಭಾರತದಲ್ಲಿ ನಡೆದ ಮೂರನೆಯ ಹಂತದ ಪರೀಕ್ಷೆಯಲ್ಲಿ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು ಕಂಪೆನಿ ಪ್ರಕಟಿಸಿತು. ಅದೊಂದನ್ನೇ ನೆಚ್ಚಿಕೊಂಡ ಕಂಪೆನಿಯಾಗಿದ್ದರೆ ಅಂದೇ ಬಾಗಿಲು ಹಾಕಬೇಕಾಗುತ್ತಿತ್ತು. ಬಯೋಕಾನ್ ಮುಂದುವರಿಯಿತು. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಸುವ ಟ್ರಾಸ್ಟುಜುಮಾಬ್‌ನ ಬಯೋಸಿಮಿಲರ್‌ಗೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಅನುಮತಿ ದೊರೆಯಿತು. ಇದು ಮೈಲಾನ್ ಕಂಪೆನಿಯೊಂದಿಗೆ ಸೇರಿ ಅಭಿವೃದ್ಧಿಪಡಿಸಿದ ಔಷಧ. ಅಪಾಯವನ್ನೂ ವೆಚ್ಚವನ್ನೂ ಹಂಚಿಕೊಳ್ಳುವ ಪಾಲುದಾರ ಯಾರೆಂಬುದೂ ನೋಡಬೇಕಾದ ಅಂಶವೇ.

4. ಕಾಯುವ ಶಕ್ತಿಯನ್ನು ಅಳೆಯುವ ಬಗೆ

ವಾರ್ಷಿಕ ವರದಿಯಲ್ಲಿ ನಗದು ಹರಿವಿನ ತಖ್ತೆ ಎಂಬ ಪುಟವಿರುತ್ತದೆ. ಲಾಭನಷ್ಟದ ಪುಟಕ್ಕಿಂತ ಇದನ್ನು ಮೊದಲು ತೆರೆಯಿರಿ. ಒಂದು ಕಾಲ್ಪನಿಕ ಕಂಪೆನಿಯನ್ನು ತೆಗೆದುಕೊಳ್ಳೋಣ. ಕೈಯಲ್ಲಿ 150 ಕೋಟಿ ರೂಪಾಯಿ ಇದೆ. ಬಂದದ್ದಕ್ಕಿಂತ ಹೋದದ್ದು ವರ್ಷಕ್ಕೆ 60 ಕೋಟಿ ಹೆಚ್ಚು. ಎಂದರೆ ಎರಡೂವರೆ ವರ್ಷದ ಉಸಿರು. ಮೂರನೆಯ ಹಂತದ ಫಲಿತಾಂಶಕ್ಕೆ ಮೂರು ವರ್ಷ, ಅನುಮತಿಗೆ ಇನ್ನೊಂದು ವರ್ಷ ಎಂದಿಟ್ಟುಕೊಂಡರೆ ನಾಲ್ಕು ವರ್ಷ ಬೇಕು. ಕೊರತೆ ಒಂದೂವರೆ ವರ್ಷ, ಅಂದರೆ 90 ಕೋಟಿ.

ಆ 90 ಕೋಟಿ ಸಾಲದಿಂದ ಬರಬೇಕು ಅಥವಾ ಹೊಸ ಷೇರುಗಳಿಂದ ಬರಬೇಕು. ಹೊಸ ಷೇರು ಎಂದರೆ ಅಂಗಡಿಗೆ ಹೊಸ ಪಾಲುದಾರರನ್ನು ಸೇರಿಸಿಕೊಂಡಂತೆ. ಒಂದು ಕೋಟಿ ಷೇರುಗಳಿರುವ ಕಂಪೆನಿಯಲ್ಲಿ ನಿಮ್ಮದು 1,000 ಷೇರು ಇದ್ದರೆ ಹತ್ತು ಸಾವಿರದಲ್ಲಿ ಒಂದು ಪಾಲು ನಿಮ್ಮದು. ಕಂಪೆನಿ 50 ಲಕ್ಷ ಹೊಸ ಷೇರು ಹೊರಡಿಸಿದರೆ ನಿಮ್ಮ ಪಾಲು ಹದಿನೈದು ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ನಾಳೆ ಔಷಧ ಗೆದ್ದರೂ ಲಾಭದಲ್ಲಿ ಮೂರರಲ್ಲೊಂದು ಭಾಗ ಆಗಲೇ ಬೇರೆಯವರದಾಗಿರುತ್ತದೆ. ಈ ಲೆಕ್ಕಕ್ಕೆ ವಿಜ್ಞಾನ ಓದಿರಬೇಕಾಗಿಲ್ಲ, ದಿನವೂ ಖಾತೆ ಬರೆಯುವವರಿಗೆ ಐದು ನಿಮಿಷದ ಕೆಲಸ.

ದೊಡ್ಡ ಕಂಪೆನಿಗಳಿಗೂ ಈ ನಿಯಮ ತಪ್ಪಿದ್ದಲ್ಲ. ಬಯೋಕಾನ್‌ನ ಅಂಗಸಂಸ್ಥೆಯು ವಯಾಟ್ರಿಸ್ ಕಂಪೆನಿಯ ಬಯೋಸಿಮಿಲರ್ ವ್ಯವಹಾರವನ್ನು ಗರಿಷ್ಠ 333.5 ಕೋಟಿ ಡಾಲರ್ ಮೌಲ್ಯಕ್ಕೆ ಕೊಳ್ಳುವುದಾಗಿ 2022ರ ಫೆಬ್ರವರಿಯಲ್ಲಿ ಪ್ರಕಟಿಸಿ, ಅದೇ ವರ್ಷ ನವೆಂಬರಿನಲ್ಲಿ ವಹಿವಾಟನ್ನು ಮುಗಿಸಿತು. ಇದರಿಂದ ಸಾಲದ ಹೊರೆ ಏರಿತು. 2025ರ ಜೂನ್‌ನಲ್ಲಿ ಬಯೋಕಾನ್ ತಲಾ 330 ರೂಪಾಯಿಯಂತೆ ಸಾಂಸ್ಥಿಕ ಹೂಡಿಕೆದಾರರಿಗೆ ಹೊಸ ಷೇರು ನೀಡಿ 4,500 ಕೋಟಿ ರೂಪಾಯಿ ಸಂಗ್ರಹಿಸಿತು. ಆ ಖರೀದಿಯು ಸರಿಯೋ ತಪ್ಪೋ ಎಂಬ ತೀರ್ಮಾನ ಇಲ್ಲಿ ಬೇಕಿಲ್ಲ. ಸಾಲ ಮತ್ತು ಹೊಸ ಷೇರು, ಇವೆರಡರ ಸುದ್ದಿಯನ್ನೂ ಹಳೆಯ ಷೇರುದಾರನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

5. ಚೀಲದ ನಡುವಿಗೆ ಎಲ್ಲಿ ಕೈಹಾಕಬೇಕು?

ಮೊದಲನೆಯದು ಸಂಶೋಧನಾ ವೆಚ್ಚ. ಭಾರತೀಯ ಲೆಕ್ಕಪತ್ರ ಮಾನದಂಡದ ಪ್ರಕಾರ ಸಂಶೋಧನೆಯ ವೆಚ್ಚವನ್ನು ಆಯಾ ವರ್ಷವೇ ಖರ್ಚೆಂದು ಬರೆಯಬೇಕು. ಅಭಿವೃದ್ಧಿಯ ಹಂತಕ್ಕೆ ಬಂದ ಬಳಿಕದ ವೆಚ್ಚವನ್ನು ಕೆಲವು ಷರತ್ತುಗಳು ಪೂರೈಸಿದಾಗ ಆಸ್ತಿಯೆಂದು ತೋರಿಸಬಹುದು. ಆಸ್ತಿಯೆಂದು ತೋರಿಸಿದಷ್ಟು ಅಂದಿನ ಲಾಭ ಹೆಚ್ಚಾಗಿ ಕಾಣುತ್ತದೆ. ಔಷಧ ಸೋತ ದಿನ ಆ ‘ಆಸ್ತಿ’ ಒಮ್ಮೆಲೇ ನಷ್ಟವಾಗುತ್ತದೆ. ಆಸ್ತಿಪಟ್ಟಿಯಲ್ಲಿ ‘ಅಭಿವೃದ್ಧಿಯಲ್ಲಿರುವ ಅಮೂರ್ತ ಆಸ್ತಿ’ ಎಂಬ ಸಾಲಿನ ಮೊತ್ತವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಕಾರಣ ಹುಡುಕಿರಿ.

ಎರಡನೆಯದು ಒಂದು ಬಾರಿಯ ಆದಾಯ. 2010ರ ಅಕ್ಟೋಬರಿನಲ್ಲಿ ಬಯೋಕಾನ್ ತನ್ನ ಇನ್ಸುಲಿನ್ ಉತ್ಪನ್ನಗಳ ಮಾರಾಟಕ್ಕಾಗಿ ಫೈಜರ್ ಜೊತೆ ಮಾಡಿಕೊಂಡ ಒಪ್ಪಂದವನ್ನು 35 ಕೋಟಿ ಡಾಲರಿನ ಒಪ್ಪಂದವೆಂದೇ ಬಹಳ ಮಂದಿ ಓದಿದರು. ಅದರಲ್ಲಿ ಆರಂಭಿಕ ಪಾವತಿ 20 ಕೋಟಿ. ಉಳಿದ 15 ಕೋಟಿ ಮುಂದಿನ ಮೈಲಿಗಲ್ಲುಗಳನ್ನು ತಲುಪಿದರೆ ಮಾತ್ರ. 2012ರ ಮಾರ್ಚ್‌ನಲ್ಲಿ ಆ ಒಪ್ಪಂದವೇ ಕೊನೆಗೊಂಡಿತು. ಮುಂಗಡಕ್ಕೂ ಮಾರಾಟಕ್ಕೂ ಇರುವ ವ್ಯತ್ಯಾಸ ವರ್ತಕರಿಗೆ ಗೊತ್ತಿರುವಂಥದು. ಷೇರಿನ ವಿಷಯದಲ್ಲಿಯೂ ಅದನ್ನು ಮರೆಯಬಾರದು.

ಮೂರನೆಯದು ಗ್ರಾಹಕರ ಪಟ್ಟಿ. ಒಟ್ಟು ಮಾರಾಟದಲ್ಲಿ ಅರ್ಧದಷ್ಟು ಒಂದಿಬ್ಬರು ಗ್ರಾಹಕರಿಂದಲೇ ಬರುತ್ತಿದ್ದರೆ, ಆ ಒಬ್ಬ ಗ್ರಾಹಕನ ಮನಸ್ಸು ಬದಲಾದ ದಿನ ಕಂಪೆನಿಯ ಸ್ಥಿತಿಯೂ ಬದಲಾಗುತ್ತದೆ. ನಾಲ್ಕನೆಯದು ಹೊಸ ಕಾರ್ಖಾನೆ. ಕಟ್ಟಡ ದೊಡ್ಡದಾದಷ್ಟು ಕಂಪೆನಿ ದೊಡ್ಡದೆಂದು ಭಾವಿಸಬೇಡಿ. ಬೇಡಿಕೆ ಬಂದು ಘಟಕ ತುಂಬುವವರೆಗೆ ಅದು ಸವಕಳಿಯ ಹೊರೆಯೇ. ಐದನೆಯದು ಲೆಕ್ಕಪರಿಶೋಧಕರ ವರದಿ ಹಾಗೂ ಪ್ರವರ್ತಕರು ಒತ್ತೆ ಇಟ್ಟ ಷೇರುಗಳ ವಿವರ. ಪರಿಶೋಧಕರು ಅವಧಿಗೆ ಮುನ್ನ ರಾಜೀನಾಮೆ ನೀಡಿದ್ದರೆ ಆ ಒಂದೇ ಕಾರಣಕ್ಕೆ ದೂರ ನಿಲ್ಲುವುದು ಲೇಸು.

6. ಅನುಮತಿಯೆಂಬ ಬಾಗಿಲು

ಬೇರೆ ಉದ್ಯಮದಲ್ಲಿ ಸರಕು ಚೆನ್ನಾಗಿದ್ದರೆ ಮಾರಬಹುದು. ಇಲ್ಲಿ ಸರಕು ಚೆನ್ನಾಗಿದ್ದರೂ ಅನುಮತಿಯಿಲ್ಲದೆ ಒಂದು ಪೊಟ್ಟಣವನ್ನೂ ಮಾರುವಂತಿಲ್ಲ. ಬಯೋಕಾನ್ ಮತ್ತು ಮೈಲಾನ್‌ಗಳ ಪೆಗ್‌ಫಿಲ್‌ಗ್ರಾಸ್ಟಿಮ್ ಎಂಬ ಔಷಧದ ಅರ್ಜಿಗೆ 2017ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ಆಡಳಿತವು ಈಗಿರುವಂತೆ ಒಪ್ಪಲಾಗದೆಂದು ಪತ್ರ ಬರೆಯಿತು. ಅನುಮತಿ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಕೆಲವು ತಿಂಗಳ ಇಂತಹ ವಿಳಂಬವನ್ನು ಬಲವುಳ್ಳ ಕಂಪೆನಿ ತಾಳಿಕೊಳ್ಳುತ್ತದೆ, ಉಸಿರು ಕಡಿಮೆಯಿರುವ ಕಂಪೆನಿ ತಾಳಲಾರದು.

ಬೀಜದ ಕ್ಷೇತ್ರದಲ್ಲಿ ಇದಕ್ಕಿಂತ ಕಠಿಣವಾದ ಉದಾಹರಣೆಯಿದೆ. ಬಿಟಿ ಬದನೆಗೆ 2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿಯು ಒಪ್ಪಿಗೆ ಸೂಚಿಸಿತು. ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದ ಬಳಿಕ, 2010ರ ಫೆಬ್ರವರಿ 9ರಂದು ಕೇಂದ್ರ ಪರಿಸರ ಸಚಿವರು ಅದನ್ನು ತಡೆಹಿಡಿದರು. ಆ ತೀರ್ಮಾನದ ಪರ, ವಿರೋಧ ವಾದಗಳೇನೇ ಇರಲಿ, ವರ್ಷಗಟ್ಟಲೆ ಹೂಡಿದ ಹಣ ಒಂದೇ ದಿನದಲ್ಲಿ ನಿಂತ ನೀರಾಯಿತು.

ಹಾಗಾದರೆ ಸಾಮಾನ್ಯ ಹೂಡಿಕೆದಾರನು ನಿಜಾಂಶವನ್ನು ತಿಳಿಯುವುದು ಹೇಗೆ? ಭಾರತದಲ್ಲಿ 2009ರ ಜೂನ್ 15ರಿಂದ ಪ್ರತಿ ಔಷಧ ಪರೀಕ್ಷೆಯನ್ನೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಡಿಯ ಚಿಕಿತ್ಸಾ ಪರೀಕ್ಷೆಗಳ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಕಂಪೆನಿ ಹೇಳುವ ಪರೀಕ್ಷೆ ಅಲ್ಲಿದೆಯೇ, ಎಷ್ಟು ರೋಗಿಗಳು, ಯಾವ ಹಂತ, ಮುಖ್ಯ ಗುರಿ ಏನು ಎಂಬುದು ತಿಳಿಯುತ್ತದೆ. ಅಮೆರಿಕಕ್ಕೆ ಔಷಧ ಕಳುಹಿಸುವ ಕಾರ್ಖಾನೆಗಳಿಗೆ ಅಲ್ಲಿನ ಔಷಧ ಆಡಳಿತವು ನೀಡುವ ಎಚ್ಚರಿಕೆ ಪತ್ರಗಳೂ ಬಹಿರಂಗವಾಗಿಯೇ ಪ್ರಕಟವಾಗುತ್ತವೆ. ದಲ್ಲಾಳಿಯ ಮಾತು ಮತ್ತು ಈ ದಾಖಲೆ ಒಂದಕ್ಕೊಂದು ಹೊಂದದಿದ್ದರೆ ದಾಖಲೆಯನ್ನೇ ನಂಬಿರಿ.

7. ಹೊಸ ಷೇರು ನೀಡಿಕೆಯ ಪತ್ರ ಓದುವಾಗ

ನೀಡಿಕೆಯ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಮೊದಲು ನೋಡಿರಿ. 2004ರಲ್ಲಿ ಬಯೋಕಾನ್ ಒಂದು ಕೋಟಿ ಹೊಸ ಷೇರುಗಳನ್ನು ತಲಾ 315 ರೂಪಾಯಿಗೆ ನೀಡಿದಾಗ ಆ 315 ಕೋಟಿ ಕಂಪೆನಿಗೇ ಸೇರಿತು. 2015ರಲ್ಲಿ ತಲಾ 250 ರೂಪಾಯಿಯ ಸಿಂಜಿನ್ ನೀಡಿಕೆ ಮತ್ತು 2025ರಲ್ಲಿ ತಲಾ 570 ರೂಪಾಯಿಯ ಆಂಥೆಮ್ ನೀಡಿಕೆ ಪೂರ್ಣವಾಗಿ ಹಳೆಯ ಷೇರುದಾರರ ಮಾರಾಟ. ಹಣ ಅವರಿಗೆ ಸೇರಿತು, ಕಂಪೆನಿಯ ಖಜಾನೆಗಲ್ಲ. ಇದು ದೋಷವಲ್ಲ, ಲಾಭದಲ್ಲಿರುವ ಕಂಪೆನಿಗೆ ಹೊಸ ಹಣ ಬೇಕಾಗದಿರಬಹುದು. ಆದರೆ ‘ವಿಸ್ತರಣೆಗೆ ಹಣ’ ಎಂದು ಯಾರಾದರೂ ಹೇಳಿದರೆ ಅದು ನಿಜವೇ ಎಂದು ಪತ್ರವೇ ಹೇಳುತ್ತದೆ.

ಇನ್ನೊಂದು ಗುರುತು ಸುಲಭವಾದುದು. ಹಿಂದಿನ ಮೂರು ವರ್ಷಗಳಲ್ಲಿ ಸರಾಸರಿ 15 ಕೋಟಿ ರೂಪಾಯಿ ಕಾರ್ಯಾಚರಣಾ ಲಾಭವೇ ಮೊದಲಾದ ಅರ್ಹತೆಗಳಿಲ್ಲದ ಕಂಪೆನಿಯು ಸೆಬಿಯ ನಿಯಮದಂತೆ ಶೇಕಡಾ 75ರಷ್ಟನ್ನು ಅರ್ಹ ಸಾಂಸ್ಥಿಕ ಹೂಡಿಕೆದಾರರಿಗೇ ನೀಡಬೇಕಾಗುತ್ತದೆ. ಚಿಲ್ಲರೆ ಹೂಡಿಕೆದಾರರ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ನಿಮ್ಮ ಪಾಲು ಶೇಕಡಾ 10 ಎಂದು ಕಂಡರೆ, ಲಾಭದ ದಾಖಲೆಯಿಲ್ಲದ ದಾರಿಯಿಂದ ಬಂದ ಕಂಪೆನಿ ಇದಿರಬಹುದೆಂದು ತಿಳಿದು, ಅಪಾಯಗಳ ಅಧ್ಯಾಯವನ್ನು ಎರಡು ಬಾರಿ ಓದಿರಿ.

8. ಸರಕು ಒಳ್ಳೆಯದು, ಧಾರಣೆ ಎಷ್ಟು?

2004ರಲ್ಲಿ ಬಯೋಕಾನ್‌ನ 100 ಷೇರುಗಳಿಗೆ 31,500 ರೂಪಾಯಿ ಕೊಟ್ಟವರಿಗೆ 2008, 2017 ಮತ್ತು 2019ರ ಬೋನಸ್‌ಗಳ ಬಳಿಕ 1,200 ಷೇರುಗಳಾದವು. ಒಂದು ಷೇರಿನ ಅಸಲು 26 ರೂಪಾಯಿ 25 ಪೈಸೆ. ಆದರೂ ದಾರಿ ಸಮತಟ್ಟಾಗಿರಲಿಲ್ಲ. 2009ರ ಆರಂಭದಲ್ಲಿ, ಬೋನಸನ್ನು ಲೆಕ್ಕಕ್ಕೆ ಹಿಡಿದರೂ, ಷೇರು ನೀಡಿಕೆಯ ಬೆಲೆಗಿಂತ ಕೆಳಗಿತ್ತು. ಐದು ವರ್ಷ ಕಾದವನೂ ನಷ್ಟದಲ್ಲಿದ್ದ.

ಅದೇ ಷೇರು 2020ರ ಕೊನೆಯಲ್ಲಿ ಸುಮಾರು 450 ರೂಪಾಯಿಯ ಆಸುಪಾಸಿನಲ್ಲಿದ್ದು 2023ರ ಮಾರ್ಚ್‌ನಲ್ಲಿ 200ರ ಆಸುಪಾಸಿಗೆ ಇಳಿಯಿತು. ಆ 200ರ ಲೆಕ್ಕದಲ್ಲಿಯೂ 2004ರವನ 31,500 ರೂಪಾಯಿ ಸುಮಾರು 2 ಲಕ್ಷ 40 ಸಾವಿರವಾಗಿತ್ತು. ಲಾಭಾಂಶ ಬಿಟ್ಟರೆ ವರ್ಷಕ್ಕೆ ಸುಮಾರು ಶೇಕಡಾ 11ರ ಚಕ್ರಬಡ್ಡಿಯಷ್ಟು. 2020ರಲ್ಲಿ ಕೊಂಡವನ ಹಣವೋ ಅರ್ಧಕ್ಕಿಂತ ಕಡಿಮೆ. ಕಂಪೆನಿ ಒಂದೇ, ಔಷಧಗಳು ಅವೇ, ಬೇರೆಯಾದದ್ದು ಖರೀದಿಯ ಬೆಲೆ. ಒಳ್ಳೆಯ ಅಡಿಕೆಯನ್ನೂ ಏರಿದ ಧಾರಣೆಯಲ್ಲಿ ಕೊಂಡು ಗೋದಾಮಿನಲ್ಲಿಟ್ಟವರು ಅನುಭವಿಸಿದ ಪಾಡು ನಮ್ಮ ಪೇಟೆಗೆ ಹೊಸದಲ್ಲ. ಷೇರಿನ ಬೆಲೆಯು ವಾರ್ಷಿಕ ಗಳಿಕೆಯ ಎಷ್ಟು ಪಟ್ಟು ಇದೆ, ಅದೇ ಬಗೆಯ ಇತರ ಕಂಪೆನಿಗಳದು ಎಷ್ಟು ಪಟ್ಟು ಎಂಬ ಹೋಲಿಕೆಯನ್ನು ಎಂದಿಗೂ ಬಿಡಬಾರದು.

9. ಯಾವ ಹಣ?

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳುವುದು ಅಗತ್ಯ. ಕೆಲವು ವರ್ಷಗಳ ಹಿಂದೆ ಈ ಲೇಖಕನು ಪರೀಕ್ಷೆಯ ಶುಭ ಸುದ್ದಿಯನ್ನು ನಂಬಿ, ಅಡಿಕೆ ಹಂಗಾಮಿನ ಖರೀದಿಗೆ ತೆಗೆದಿರಿಸಿದ್ದ ಹಣವನ್ನು ‘ಎರಡು ತಿಂಗಳಿಗೆ ಮಾತ್ರ’ ಎಂದು ಒಂದು ಔಷಧ ಕಂಪೆನಿಯ ಷೇರಿನಲ್ಲಿ ತೊಡಗಿಸಿದ್ದುಂಟು. ಬೆಲೆ ಮೂರರಲ್ಲೊಂದು ಭಾಗ ಇಳಿಯಿತು. ಹಂಗಾಮು ಬಂತು. ನಷ್ಟಕ್ಕೆ ಮಾರಿ, ಉಳಿದುದಕ್ಕೆ ಬ್ಯಾಂಕಿನ ಓವರ್‌ಡ್ರಾಫ್ಟ್ ಎತ್ತಿ, ಬಡ್ಡಿ ಕಟ್ಟಿದ್ದಾಯಿತು. ಸರಕು ತಂದ ಹಳೆಯ ಕೃಷಿಕರಿಬ್ಬರಿಗೆ ಅಂದೇ ಹಣ ಕೊಡಲಾಗದೆ, ಅವರು ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ್ದೇ ದೊಡ್ಡ ನಷ್ಟ. ಕಂಪೆನಿ ಮೋಸ ಮಾಡಿರಲಿಲ್ಲ. ಹಾಕಿದ ಹಣವೇ ತಪ್ಪು ಹಣವಾಗಿತ್ತು.

ಆದುದರಿಂದ ದುಡಿಯುವ ಬಂಡವಾಳವನ್ನು, ಸಾಲದ ಹಣವನ್ನು, ಮಕ್ಕಳ ವಿದ್ಯಾಭ್ಯಾಸ ಅಥವಾ ಮದುವೆಗೆಂದು ತೆಗೆದಿಟ್ಟದ್ದನ್ನು ಈ ಕ್ಷೇತ್ರಕ್ಕೆ ಹಾಕಲೇಬಾರದು. ರಬ್ಬರ್ ಗಿಡಕ್ಕೆ ಕೊಟ್ಟಂತೆ ಏಳು ವರ್ಷ ಮರೆತುಬಿಡಬಹುದಾದ ಹಣ ಮಾತ್ರ ಇದಕ್ಕೆ ಯೋಗ್ಯ. ಅದನ್ನೂ ಒಂದೇ ಕಂಪೆನಿಯಲ್ಲಿ ತೊಡಗಿಸದಿರುವುದು ಕ್ಷೇಮ.

10. ಕೊಳ್ಳುವ ಮುನ್ನ ಬರೆದುಕೊಳ್ಳಬೇಕಾದ ಎಂಟು ಉತ್ತರಗಳು

ಒಂದು: ಕಂಪೆನಿಗೆ ಇಂದು ಹಣ ಎಲ್ಲಿಂದ ಬರುತ್ತಿದೆ?
ಎರಡು: ಬರಲಿರುವ ಉತ್ಪನ್ನ ಯಾವ ಹಂತದಲ್ಲಿದೆ, ನೋಂದಣಿಯಲ್ಲಿ ಅದು ಕಾಣುತ್ತದೆಯೇ?
ಮೂರು: ಕೈಯಲ್ಲಿರುವ ನಗದು ಎಷ್ಟು ವರ್ಷಕ್ಕೆ ಸಾಕು?
ನಾಲ್ಕು: ಸಾಲ ಎಷ್ಟು, ಹೊಸ ಷೇರು ಹೊರಡಿಸುವ ಸಂಭವ ಎಷ್ಟು?
ಐದು: ಸಂಶೋಧನಾ ವೆಚ್ಚವನ್ನು ಖರ್ಚಾಗಿ ಬರೆದಿದೆಯೇ, ಆಸ್ತಿಯಾಗಿಯೇ?
ಆರು: ಗ್ರಾಹಕರು, ಪಾಲುದಾರರು ಯಾರು? ಒಬ್ಬರು ಬಿಟ್ಟುಹೋದರೆ ಏನಾಗುತ್ತದೆ?
ಏಳು: ಮುಖ್ಯ ಔಷಧ ಸೋತರೆ ಕಂಪೆನಿಯಲ್ಲಿ ಏನು ಉಳಿಯುತ್ತದೆ?
ಎಂಟು: ಈ ಬೆಲೆಗೆ ಕೊಳ್ಳುವ ನನ್ನ ಹಣ ಏಳು ವರ್ಷ ಕಾಯಬಲ್ಲುದೇ?

ಇವುಗಳಲ್ಲಿ ಏಳನೆಯದಕ್ಕೆ ಉತ್ತರ ಬರೆಯುವಾಗ ಹೆಚ್ಚಿನ ಸಮಯ ತೆಗೆದುಕೊಳ್ಳಿರಿ. ಎಂಟಕ್ಕೂ ಉತ್ತರ ದೊರೆತರೆ ನಷ್ಟವೇ ಆಗದೆಂದು ಹೇಳಲಾಗದು. ಆದರೆ ಚೀಲದ ನಡುವಿಗೆ ಕೈಹಾಕಿ ನೋಡಿ ಕೊಂಡೆನೆಂಬ ಸಮಾಧಾನವಿರುತ್ತದೆ, ಮತ್ತು ನಷ್ಟವಾದರೂ ಅಂಗಡಿಯ ಬಾಗಿಲು ಮರುದಿನ ಎಂದಿನಂತೆ ತೆರೆಯುತ್ತದೆ.